ಸಾಕಿದವರ ಸಹಿ

ಬುರುಲ್ ೧೯೬೮ರ ಮಾರ್ಚ್ ೧೧ರಂದು ನಮ್ಮ ಬೆಟ್ಟನಾಡಿನ ನರಿನ್ ಸೀಮೆಯಲ್ಲಿ ಹುಟ್ಟಿದಳು. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯರಿಗೆ ಒಪ್ಪಿಸುವ ನಮ್ಮ ವಾಡಿಕೆಯಂತೆ ಅಜ್ಜಿಯ ಮಡಿಲು ಸೇರಿ, ಅವಳನ್ನು ಅವ್ವ ಎಂದೂ ಹೆತ್ತವಳನ್ನು ಅಕ್ಕ ಎಂದೂ ಕರೆಯುತ್ತ ಬೆಳೆದಳು. ೧೯೮೮ರ ಆಗಸ್ಟ್ ೧ರಂದು ಸಣ್ಣ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದಲ್ಲಿ ದಾದಿಯಾದಳು.

ಮಕ್ಕಳ ಕಣ್ಣಿನ ಕ್ಯಾನ್ಸರು ನಮ್ಮಲ್ಲಿ ಪತ್ತೆಯಾಗುತ್ತಿದ್ದುದೇ ಕಣ್ಣು ಉಬ್ಬಿ ಹೊರಬಂದ ಮೇಲೆ. ೨೦೧೪ರ ಫೆಬ್ರವರಿಯಲ್ಲಿ ಸಮುದ್ರದಾಚೆಯ ದೊಡ್ಡ ಆಸ್ಪತ್ರೆಯೊಂದು ನಮ್ಮವರೊಡನೆ ಕೈಜೋಡಿಸಿತು. ಪ್ರತಿ ಗುರುವಾರ ಬುರುಲ್ ಮಕ್ಕಳ ಕಣ್ಣಿನ ಚಿತ್ರಗಳನ್ನು ಕಳುಹಿಸುವಳು. ಅಲ್ಲಿನ ವೈದ್ಯರು ಪರದೆಯ ಮೇಲೆ ಕಾಣಿಸಿಕೊಂಡು, ರಾಜಧಾನಿಯ ನಮ್ಮ ವೈದ್ಯರೊಡನೆ ಚರ್ಚಿಸಿ ದಾರಿ ಹೇಳುವರು. ಮೂರು ವರ್ಷಗಳಲ್ಲಿ ಹನ್ನೊಂದು ಮಕ್ಕಳು ಉಳಿದವು.

೨೦೧೭ರ ಜೂನ್ ೮ರ ಗುರುವಾರ, ಕುರಿಗಾಹಿ ತುರ್ದುಬೆಕ್‌ನ ಮೊಮ್ಮಗಳು, ನೆರೆಯವರು ಆಸ್ಪತ್ರೆಗೆ ಕರೆತಂದಿದ್ದ ಮೂರು ವರ್ಷದ ಜಿಬೆಕ್‌ಳ ಎಡಗಣ್ಣಿನ ಚಿತ್ರ ಹೋಯಿತು. ಪಾಪೆಯೊಳಗೆ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು. ಎರಡು ವಾರದೊಳಗೆ ಆ ಕಣ್ಣನ್ನು ತೆಗೆದರೆ ಮಗು ಬದುಕುತ್ತದೆ ಎಂದು ಅಂದೇ ಉತ್ತರ ಬಂತು.

ಸಮುದ್ರದಾಚೆಯವರು ಕೊಟ್ಟ ಒಪ್ಪಿಗೆಯ ನಮೂನೆ ತಂದೆಯ ಅಥವಾ ತಾಯಿಯ ಸಹಿ ಕೇಳುತ್ತಿತ್ತು. ಬುರುಲ್ ಮರುದಿನವೇ ಬಸ್ಸು ಹತ್ತಿ, ರಾಜಧಾನಿಯಲ್ಲಿ ಹೊಲಿಗೆ ಕೆಲಸಕ್ಕಿದ್ದ ಮಗುವಿನ ಹೆತ್ತವಳನ್ನು ಹುಡುಕಿ ಸಹಿ ತಂದಳು. ಸಾಕುತ್ತಿದ್ದ ಅಜ್ಜನನ್ನು ಕೇಳಲಿಲ್ಲ. ತಾನೇ ಅಜ್ಜಿಯ ಕೈಯಲ್ಲಿ ಬೆಳೆದಿದ್ದರೂ, ನಮೂನೆ ಕೇಳಲಿಲ್ಲವೆಂದು, ಸಾಕಿದವರನ್ನು ಮರೆತಳು.

ಶಸ್ತ್ರಚಿಕಿತ್ಸೆಗೆ ಗೊತ್ತುಮಾಡಿದ್ದ ಜೂನ್ ೧೯ರಂದು ಮಗು ಬರಲಿಲ್ಲ. ಸಹಿಯ ಸುದ್ದಿ ಕೇಳಿದ ತುರ್ದುಬೆಕ್ ಮಗುವನ್ನೆತ್ತಿಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿಬಿಟ್ಟಿದ್ದ. ೨೪ರಂದು ಬುರುಲ್ ಕುದುರೆಯೇರಿ ಅವನ ಗುಡಾರ ತಲುಪಿದಳು.

ಮುದುಕ ಕುದುರೆಹಾಲಿನ ಬಟ್ಟಲು ಮುಂದಿಟ್ಟ. "ಕುಡಿ. ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನಕ್ಕಾಗಲ್ಲ. ಮಗೂನ ಮಾತ್ರ ಕೇಳ್ಬೇಡ."

"ತಾತ, ದಿನ ಇಲ್ಲ. ಕಣ್ಣು ಹೋದ್ರೆ ಹೋಗ್ಲಿ, ಜೀವ..."

"ಕುರಿ ಕೊಳ್ಳೋಕೆ ಬಂದೋನೂ ಮೊದ್ಲು ಮೇಯಿಸೋನನ್ನ ಕೇಳ್ತಾನೆ. ನಿಂಗೆ ಹಡೆದೋಳು ಸಾಕಾದ್ಲು! ಇದು 'ಅಪ್ಪಾ' ಅಂತ ಯಾರ ಗಡ್ಡ ಹಿಡ್ಕೊಂಡು ಮಲಗ್ತದೆ, ಗೊತ್ತಾ?"

"ತಪ್ಪು ನಂದೇ ತಾತ. ಆ ಸಿಟ್ಟನ್ನ ಮಗು ಮೇಲೆ ತೀರಿಸ್ಕೋಬೇಡಿ."

"ಸಮುದ್ರದಾಚೆಗೆ ಫೋಟೊ ಕಳ್ಸೋಕೆ ಪುರುಸೊತ್ತಿತ್ತು. ಗುಡ್ಡದಾಚೆ ನನ್ನ ಮನೆಗೆ ಬರೋಕಿರ್ಲಿಲ್ಲ. ಹೋಗು. ನಿನ್ನ ಕುದುರೆ ಸೋತಿದೆ, ನಂದು ತಗೊಂಡ್ಹೋಗು."

ಜುಲೈ ೧೫ರಂದೂ ಆಗಸ್ಟ್ ೧೨ರಂದೂ ಅವಳು ಮತ್ತೆ ಬೆಟ್ಟ ಹತ್ತಿದಳು. ಎರಡು ಸಲವೂ ಗುಡಾರ ಇನ್ನೂ ಮೇಲಕ್ಕೆ ಸರಿದಿತ್ತು; ಬರಿಗೈಯಲ್ಲಿ ಇಳಿದಳು.

ಸೆಪ್ಟೆಂಬರ್ ೧೭ರ ಭಾನುವಾರ ತುರ್ದುಬೆಕ್ ತಾನಾಗಿಯೇ ಕುದುರೆಯ ಮೇಲೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕೆಳಗಿಳಿದು ಬಂದ. ಕಣ್ಣು ಊದಿ ರೆಪ್ಪೆ ಮುಚ್ಚುತ್ತಿರಲಿಲ್ಲ. ೨೧ರಂದು ಆ ಕಣ್ಣನ್ನು ತೆಗೆದರು. ರೋಗ ಅಷ್ಟರಲ್ಲಿ ಕಣ್ಣಿನ ಹಿಂದಿನ ನರವನ್ನು ದಾಟಿತ್ತು. ಎರಡೂ ದೇಶಗಳ ವೈದ್ಯರು ಐದು ತಿಂಗಳು ಹೆಣಗಿದರು. ೨೦೧೮ರ ಫೆಬ್ರವರಿ ೨೦ರಂದು ಜಿಬೆಕ್ ತೀರಿಕೊಂಡಳು.

ಮಾರ್ಚ್ ೩೧, ಅಜ್ಜನ ಮನೆಯಲ್ಲಿ ತೀರಿಹೋದ ಮಗುವಿನ ನಲವತ್ತನೆಯ ದಿನದ ಊಟ. ಬುರುಲ್ ಹೊಸ ನಮೂನೆಯೊಂದನ್ನು ತಂದಿದ್ದಳು. ಅವಳು ಬರೆದ ಮೂರು ಪತ್ರಗಳ ಬಳಿಕ ಸಮುದ್ರದಾಚೆಯವರು ಒಪ್ಪಿ ಅದರಲ್ಲಿ ಒಂದು ಸಾಲು ಸೇರಿಸಿದ್ದರು: ಮಗುವನ್ನು ಸಾಕುತ್ತಿರುವವರು ಯಾರು? ಅವರ ಮನೆಗೇ ಹೋಗಿ ಕೇಳಿದ್ದೀರಾ?

ಮುದುಕ ಆ ಸಾಲಿನ ಮೇಲೆ ಬೆರಳಾಡಿಸಿದ. "ಅವತ್ತೇ ನೀನು ಬಂದು ಕೇಳಿದ್ರೆ..."

ಬುರುಲ್ ಊಟದ ಬಟ್ಟಲನ್ನು ಅವನತ್ತ ಸರಿಸಿದಳು.

"ಕೊಡ್ತಿದ್ನೋ ಇಲ್ವೋ," ಎಂದ ತುರ್ದುಬೆಕ್, "ಅದೂ ಗೊತ್ತಿಲ್ಲ ಕಣಮ್ಮ ನಂಗೆ."