ಗಾದೆ ಇಲ್ಲದ ಒಂದು ಊಟ

ಚೀನಾದ ಹೊಂಗ್‌ಜೆ ಸರೋವರದಲ್ಲಿ ಬಿಯೆನ್ ಗೆನ್‌ಫುವಿನಷ್ಟು ಕಡಿಮೆ ಮೀನು ಹಿಡಿದವನೂ ಇರಲಿಲ್ಲ, ಮೀನು ಹಿಡಿಯುವುದರ ಮೇಲೆ ಅವನಷ್ಟು ಗಾದೆ ಬಲ್ಲವನೂ ಇರಲಿಲ್ಲ. ಪಕ್ಕದ ದೋಣಿಯ ಬಾತುಕೋಳಿ ಕಳುವಾದರೆ, "ಕಳ್ಳ ಎಲ್ಲಿ ಹೋಗ್ತಾನೆ? ಮಡಕೆಯೊಳಗಿನ ಆಮೆ," ಎನ್ನುತ್ತಿದ್ದ. ಕಳ್ಳನೂ ಸಿಗುತ್ತಿರಲಿಲ್ಲ, ಬಾತುಕೋಳಿಯೂ ಸಿಗುತ್ತಿರಲಿಲ್ಲ. ಯಾರಾದರೂ ಚಾಡಿ ತಂದರೆ, "ಗಾಳಿ ಹಿಡಿಯೋದು, ನೆರಳು ಕಟ್ಟೋದು, ಬೇರೆ ಕೆಲಸ ಇಲ್ವಾ ನಿಮಗೆ?" ಎಂದು ಗದರುತ್ತಿದ್ದ. "ಮೂರು ದಿನ ಬಲೆ ಬೀಸಿ ಎರಡು ದಿನ ಒಣಹಾಕೋನು ಉದ್ಧಾರ ಆಗಲ್ಲ," ಎಂದು ಊರಿನ ಸೋಮಾರಿಗಳಿಗೆ ಬುದ್ಧಿ ಹೇಳುವಾಗ ಅವನ ಸ್ವಂತ ಬಲೆ ಐದನೇ ದಿನವೂ ಬಿಸಿಲು ಕಾಯುತ್ತಿರುತ್ತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಪಾಪ, ಹದಿನೆಂಟು ವರ್ಷ ದೋಣಿಯಲ್ಲಿ ಒಬ್ಬನೇ ಇದ್ದವನು ಏನಾದರೂ ಮಾತಾಡಬೇಕಲ್ಲ.

ಇಂಥವನು ದಡದಲ್ಲಿ ತೋಫು ಎಂಬ ಸೋಯಾ ಗಿಣ್ಣು ಮಾರುವ ವಿಧವೆ ಸುಲಾನಳಿಗೆ ಮನಸ್ಸು ಕೊಟ್ಟ. ಅವಳಿಗೂ ಒಪ್ಪಿಗೆಯೇ. ಅಡ್ಡ ನಿಂತವಳು ಅವಳ ಅತ್ತೆ, ಚ್ಯೂ ಮುದುಕಿ.

"ಗಂಡಸು ಒಳ್ಳೆಯವನೇ ಕಣೇ. ಆದರೆ ಬೆಳಗಾದರೆ ಬಲೆ, ಬೈಗಾದರೆ ಗಾಳ ಅಂತ ಗಾದೆ ಕೇಳ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಒಂದೇ ಒಂದು ಊಟ ಗಾದೆ ಇಲ್ಲದೆ ಉಣ್ಣಲಿ, ಮದುವೆ ಆಗಲಿ. ಗಾದೆ ಬಂತೋ, ದೋಣಿಗೆ ವಾಪಸ್."

ಭಾನುವಾರ ಮಧ್ಯಾಹ್ನ ಅಂಗಳದ ಪರ್ಸಿಮನ್ ಹಣ್ಣಿನ ಮರದ ಕೆಳಗೆ ಮೇಜು ಹಾಕಿದರು. ಎಣ್ಣೆ, ಶುಂಠಿ ಹಾಕಿ ಬೇಯಿಸಿದ ಇಡೀ ಮೀನು ನಡುವೆ ಬಂತು. ಮುದುಕಿ ಸುಮ್ಮನಿರುವವಳೇ?

"ನಮ್ಮ ಕೋಳಿ ಕದ್ದವನು ಇನ್ನೂ ಸಿಕ್ಕಿಲ್ಲ ಕಣಯ್ಯ."

ಗೆನ್‌ಫು ಬಾಯಿತುಂಬ ತೋಫು ತುರುಕಿಕೊಂಡ.

"ಮೊನ್ನೆ ಸಂತೇಲಿ ಜಗಳ ಆಯ್ತಲ್ಲ, ಆ ಗಲಾಟೇಲಿ ಯಾರೋ ನಾಲ್ಕು ಕುರ್ಚಿ ಹೊತ್ಕೊಂಡು ಹೋದರಂತೆ."

ಕದಡಿದ ನೀರಲ್ಲಿ ಮೀನು ಹಿಡಿಯುವವರ ಗಾದೆ ಇಡಿಯಾಗಿ ಅವನ ನಾಲಿಗೆಯ ತುದಿಗೆ ಬಂದು ಕೂತಿತು. ಕಿವಿ ಕೆಂಪಾಯಿತು. "ಪಾಪ," ಎಂದಷ್ಟೇ ಅಂದ. ಸುಲಾನ್ ಅವನ ಬಟ್ಟಲಿಗೆ ಇನ್ನಷ್ಟು ಅನ್ನ ಬಡಿಸಿದಳು.

ಮೀನಿನ ಮೇಲಿನ ಮಗ್ಗುಲು ಮುಗಿಯಿತು. ದಡದವರಿಗೆ ಏನು ಗೊತ್ತು? ಮುದುಕಿ ಊಟದ ಕಡ್ಡಿಗಳನ್ನು ಮೀನಿನ ಅಡಿಗೆ ತೂರಿಸಿ ಅದನ್ನು ಮಗುಚಲು ಹೋದಳು. ದೋಣಿಯವರಲ್ಲಿ ತಟ್ಟೆಯ ಮೀನನ್ನು ಮಗುಚುವುದೂ ಒಂದೇ, ದೋಣಿಯನ್ನು ಮಗುಚುವುದೂ ಒಂದೇ. ‘ಮಗುಚು’ ಎಂಬ ಮಾತನ್ನು ಬಾಯಲ್ಲಿ ಕೂಡ ಆಡುವಂತಿಲ್ಲ, ಅಪಶಕುನ. ಗೆನ್‌ಫು ಮದುವೆಯನ್ನೂ ಮರೆತು ಎರಡೂ ಕೈಯಲ್ಲಿ ಮೀನಿನ ಬಾಲ ಹಿಡಿದ.

"ಬಿಡಯ್ಯ."

"ಬೇಡ ದೊಡ್ಡಮ್ಮ."

"ಯಾಕೆ ಬೇಡ?"

ಯಾಕೆಂದು ಹೇಳುವ ಹಾಗಿಲ್ಲವಲ್ಲ. ಅವನು ಎಳೆದ, ಅವಳು ಎತ್ತಿದಳು. ಎಣ್ಣೆಯ ಮೀನು ಜಾರಿ ಮೇಲಕ್ಕೆ ಹಾರಿ, ಮರದ ಕವಲಿನಲ್ಲಿ ಸಿಕ್ಕಿಕೊಂಡಿತು. ಆಗಲೇ ಮನೆಯ ಬೆಕ್ಕು ತಲೆ ಎತ್ತಿ ನೋಡುತ್ತಿತ್ತು. ತಪ್ಪು ತನ್ನದೆಂದು ಗೆನ್‌ಫು ಚಪ್ಪಲಿ ಕಳಚಿ ಮರ ಹತ್ತಿದ.

ಅರ್ಧ ಹತ್ತಿದ ಮೇಲೆ ಅವನಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಮೀನಿಗಾಗಿ ಮರ ಹತ್ತುವ ದಡ್ಡನ ಮೇಲೆ ಎರಡು ಸಾವಿರ ವರ್ಷದಿಂದ ಗಾದೆ ಇದೆ. ಹೇಳಿದವರು ಲಕ್ಷ ಜನ, ನಿಜವಾಗಿ ಹತ್ತಿದವನು ಇವನೊಬ್ಬನೇ. ಗಾದೆ ಹಲ್ಲಿನ ತನಕ ಬಂತು, ಕಣ್ಣಲ್ಲಿ ನೀರು ಬಂತು. ಕೆಳಗೆ ಸುಲಾನ್ ಉಸಿರು ಬಿಗಿಹಿಡಿದು ನಿಂತಿದ್ದಳು. ಗಾದೆಗಿಂತ ಅವಳು ಬೇಕೆನಿಸಿತು. ಮೀನನ್ನು ಕಿತ್ತು ತನ್ನ ಬಾಯಿಗೇ ಅಡ್ಡ ಕಚ್ಚಿಕೊಂಡ.

ಮುದುಕಿ ನೋಡಿದಳು, ತುಟಿ ಕಚ್ಚಿದಳು, ಆಗಲಿಲ್ಲ. "ಅಲ್ವೇ ಸುಲಾನ್, ಮರ ಹತ್ತಿ ಮೀನು ಹುಡುಕಿದ ಹಾಗೆ ಅಂತಾರಲ್ಲ..."

"ಅತ್ತೆ, ಈಗ ಗಾದೆ ಹೇಳಿದ್ದು ಯಾರು?"

ಮುದುಕಿ ಬಹಳ ಹೊತ್ತು ಮೇಜು ಒರೆಸಿದಳು. "ಮದುವೆ ಯಾವತ್ತು ಅಂತ ಕೇಳು ಅವನ್ನ," ಎಂದಳು ಕೊನೆಗೆ.

ಗೆನ್‌ಫು ಮರ ಇಳಿದು ಬಾಯಿಂದ ಮೀನು ತೆಗೆದ. ತನ್ನ ಅಂಗಿಯತ್ತ ನೋಡಿಕೊಂಡ.

"ಇವತ್ತು ಅಂಗಿಗೆಲ್ಲ ಎಣ್ಣೆ ಆಗಿದೆ," ಎಂದ. "ನಾಳೆ ಆದೀತಾ?"