ನಾನೂರ ಹತ್ತು ಗಜ

ಮಾರ್ಗನ್ ಹಿಲ್‌ನಲ್ಲಿ ನಮ್ಮ ಬೀದಿಯ ಕೊನೆಗೆ ಇನ್ನೂ ಚೆರ್ರಿ ತೋಟ ಉಳಿದಿದ್ದ ವರ್ಷಗಳವು. ಭಾನುವಾರ ಎಂದರೆ ಉಳಿದ ಕನ್ನಡದ ಮಕ್ಕಳಿಗೆ ಭರತನಾಟ್ಯ, ಈಜು, ಕನ್ನಡ ಕ್ಲಾಸು. ನನಗೆ ಮಾತ್ರ ಸುಟ್ಟ ಮದ್ದಿನ ವಾಸನೆ. ಅಪ್ಪ ಮತ್ತು ಅವರ ಗೆಳೆಯ ಪೂಣಚ್ಚ ಅಂಕಲ್ ಶೂಟಿಂಗ್ ರೇಂಜಿಗೆ ಹೊರಟರೆ ನಾನೂ ಕಾರು ಹತ್ತುತ್ತಿದ್ದೆ. ಬೆಂಚಿನ ಹಿಂದೆ ಬಿದ್ದ ಖಾಲಿ ತೋಟಾಗಳನ್ನು ಆಯ್ದು, ತುಟಿಗಿಟ್ಟು ಊದಿ ಸಿಳ್ಳೆ ಹೊಡೆಯುವುದು ನನ್ನ ಆಟ. ನಾಲಿಗೆಗೆ ಹಿತ್ತಾಳೆಯ ಒಗರು ಹತ್ತುತ್ತಿತ್ತು.

ಅಪ್ಪ ಧಾರವಾಡದವರು, ಮೊಟ್ಟೆಯನ್ನೂ ಮುಟ್ಟದವರು. "ನಾ ಕಾಗದಕ್ಕಷ್ಟ ಹೊಡಿಯಾಂವ" ಎನ್ನುತ್ತಿದ್ದರು. ಪೂಣಚ್ಚ ಅಂಕಲ್ ವಿರಾಜಪೇಟೆ ಕಡೆಯವರು, ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವರು. "ನಿಮ್ಮ ಧಾರವಾಡದಲ್ಲಿ ಕಾಗದದ್ದೂ ಸಾರು ಮಾಡ್ತಾರಾ?" ಎಂದು ಕೆಣಕುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ಕುಂಞಿ ಎಂದು. ಅವರ ಮಾತಿನಲ್ಲಿ ಮಗು ಅಂತ. ನಾನು ಏನು ಹೇಳಿದರೂ "ಸುಳ್ಳು" ಎಂದೇ ಶುರು ಮಾಡುವುದು ಅವರ ಪ್ರೀತಿಯ ರೀತಿ. ವಾದ ಮಾಡಲು ನಾನು ಮೊದಲು ಕಲಿತದ್ದು ಅವರ ಜೊತೆಯೇ, ಶಾಲೆಯ ಡಿಬೇಟ್ ತಂಡ ಆಮೇಲೆ ಬಂತು.

ನನಗೆ ಹದಿಮೂರಾದ ಬೇಸಿಗೆಯಲ್ಲಿ ಅಂಕಲ್ ಸ್ವಂತ ರೈಫಲ್ ಕೊಳ್ಳಲು ಹೊರಟರು. ಅದುವರೆಗೆ ರೇಂಜಿನಲ್ಲಿ ಬಾಡಿಗೆಯವೇ. ಇಪ್ಪತ್ತು ವರ್ಷದ ಮೇಲೆ ಮತ್ತೆ ಬೇಟೆಗೆ ಹೋಗಬೇಕು, ಜಿಂಕೆ ಹೊಡೆಯುವ ಪರವಾನಗಿಯೂ ಸಿಕ್ಕಿದೆ. ಆದರೆ ಆಂಟಿಯ ಕಟ್ಟುನಿಟ್ಟಿನ ಮಾತು: ಮನೆಯಲ್ಲಿ ಒಂದೇ ಕೋವಿ. ಆ ಒಂದೇ ಕೋವಿ ಜಿಂಕೆಗೂ ಆಗಬೇಕು, ದೂರದ ಕಾಗದಕ್ಕೂ ಆಗಬೇಕು. ಯಾವ ಕ್ಯಾಲಿಬರು, ಎಷ್ಟು ದಪ್ಪದ ಗುಂಡಿನದು? ಅಂಕಲ್ ಮನಸ್ಸು ತ್ರೀ ನಾಟ್ ಎಯ್ಟ್ ಮೇಲೆ: ದಪ್ಪ ಗುಂಡು, ಭಾರದ ಪೆಟ್ಟು. ಅಂಗಡಿಯವನು ಹೊಗಳಿದ್ದು ಆರೂವರೆ ಮಿಲಿಮೀಟರಿನ ಕ್ರೀಡ್‌ಮೋರ್: ಸಣ್ಣ ಗುಂಡು, ಭುಜಕ್ಕೆ ಒದೆತ ಕಡಿಮೆ, ದೂರ ಹೋದರೂ ಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ.

ಅವರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಒಂದು ಒಲೆಯ ಮೇಲೆ ಪಂದಿ ಕರಿ, ಇನ್ನೊಂದರ ಮೇಲೆ ಅಪ್ಪನಿಗಾಗಿ ಬೇರೆ ಪಾತ್ರೆಯಲ್ಲಿ ಕಳಲೆ ಪಲ್ಯ, ನಡುವೆ ಹಬೆಯಾಡುವ ಅಕ್ಕಿ ತರಿಯ ಉಂಡೆ, ಕಡಂಬುಟ್ಟು. ಅಪ್ಪ ನನ್ನತ್ತ ನೋಡಿ ಹೆಮ್ಮೆಯಿಂದ ಹೇಳಿದರು, "ನೀವಿಬ್ಬರೂ ಡಿಬೇಟ್ ಮಾಡ್ರಿ. ಯಾರು ಗೆಲ್ತಾರ ಅವರು ಹೇಳಿದ್ದ ತರೋದು."

ಈ ಒಂದು ತಪ್ಪನ್ನು ನಮ್ಮವರೇ ಮಾಡಬಲ್ಲರು. ಮಗು ಒಂದು ಟ್ರೋಫಿ ತಂದರೆ ಸಾಕು, ಅದರ ಬಾಯಲ್ಲಿ ಬಂದದ್ದೆಲ್ಲ ಸತ್ಯವಾಗುತ್ತದೆ.

ಡಿಬೇಟಿನಲ್ಲಿ ಪಕ್ಷವನ್ನು ನಾವು ಆರಿಸುವುದಿಲ್ಲ, ನಾಣ್ಯ ಆರಿಸುತ್ತದೆ. ಅಪ್ಪ ನಾಣ್ಯ ಚಿಮ್ಮಿದರು. ನನಗೆ ಬಂದದ್ದು ಕ್ರೀಡ್‌ಮೋರ್. ಕೋವಿಯ ವಿಷಯದಲ್ಲಿ ನನಗೆ ಯಾವ ನಂಬಿಕೆಯೂ ಇರಲಿಲ್ಲ. ಇದ್ದದ್ದು ಅಪ್ಪನ ಫೋನು ಮತ್ತು ಹತ್ತು ನಿಮಿಷ. ಅಷ್ಟರಲ್ಲಿ ಗಾಳಿ, ಗುಂಡಿನ ಇಳಿತ, ವೇಗ ಎಲ್ಲದರ ಅಂಕಿ ಬರೆದುಕೊಂಡೆ. ದೂರದಲ್ಲಿ ಕಾಗದವನ್ನು ಹೊಡೆಯುವ ಗುಂಡು ಅದೇ ದೂರದಲ್ಲಿ ಜಿಂಕೆಯನ್ನೂ ಹೊಡೆಯುತ್ತದೆ, ಭೌತಶಾಸ್ತ್ರಕ್ಕೆ ಎರಡೂ ಒಂದೇ ಎಂದೆ.

"ಸುಳ್ಳು," ಅಂದರು ಅಂಕಲ್. "ನಮ್ಮ ಅಪ್ಪ ಹೇಳ್ತಿದ್ರು, ಮೃಗದ ಕಣ್ಣು ಕಾಣುವಷ್ಟು ಹತ್ತಿರ ಹೋಗದೆ ಈಡು ಹಾಕ್ಬಾರ್ದು ಅಂತ. ಆಮೇಲೆ ಕ್ಯಾಲಿಬರ್ ಯಾವ್ದಾದ್ರೆ ಎಂಥ?"

"ಯಾಕೆ ಹಾಕ್ಬಾರ್ದು?"

"ಯಾಕೆ ಅಂದ್ರೆ... ಹಾಕ್ಬಾರ್ದು."

"ಅದು ರೀಸನ್ ಅಲ್ಲ ಅಂಕಲ್. ಅವರ ಹತ್ರ ಸ್ಕೋಪ್ ಇರ್ಲಿಲ್ಲ, ಅದಕ್ಕೆ ಹಾಗಂದ್ರು. ನಿಮ್ಮ ಹತ್ರ ಇರತ್ತೆ."

ಎಲ್ಲರೂ ನಕ್ಕರು. ಅಂಕಲ್ ಎರಡು ಕೈ ಎತ್ತಿ, "ಒಪ್ಪಿದೆ ಕುಂಞಿ, ಒಪ್ಪಿದೆ" ಎಂದರು. ಅವರ ಕಣ್ಣಿನಲ್ಲೂ ಹೆಮ್ಮೆ ಇತ್ತು. ಅದನ್ನು ನೆನೆದರೆ ಈಗ ಊಟ ಸೇರುವುದಿಲ್ಲ.

ಆಗಸ್ಟಿನ ಒಂದು ಬೆಳಗ್ಗೆ, ಊರಿನ ಪೂರ್ವಕ್ಕಿರುವ ಗುಡ್ಡಗಳಲ್ಲಿ ಅಂಕಲ್‌ಗೆ ಪರಿಚಯದವರ ಜಮೀನಿಗೆ, ಹೊಸ ಕ್ರೀಡ್‌ಮೋರ್ ಹಿಡಿದು, ಮೂವರೂ ಹೋದೆವು. ಹುಲ್ಲು ಒಣಗಿ ಹೊಂಬಣ್ಣವಾಗಿತ್ತು, ಕಾಲಿಟ್ಟಲ್ಲೆಲ್ಲ ಓಕ್ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ದೂರ ಅಳೆಯುವ ದುರ್ಬೀನು ನನ್ನ ಕೈಯಲ್ಲಿತ್ತು. ಎದುರಿನ ಇಳಿಜಾರಿನಲ್ಲಿ ಕೊಂಬಿನ ಗಂಡು ಜಿಂಕೆಯೊಂದು ತಲೆ ತಗ್ಗಿಸಿ ಮೇಯುತ್ತಿತ್ತು.

"ಎಷ್ಟು?" ಎಂದು ಪಿಸುಗುಟ್ಟಿದರು ಅಂಕಲ್.

"ನಾನೂರ ಹತ್ತು."

"ದೂರ ಆಯ್ತು. ಆ ಮರದ ತನಕ ತೆವಳಿ ಹೋಗ್ತೇನೆ."

ಆಗ ನಾನು ಸುಮ್ಮನಿರಬಹುದಿತ್ತು. "ಅಂಕಲ್, ನೀವು ಒಪ್ಪಿದೀರ," ಎಂದೆ. "ಒಪ್ಪಿದ ಪಾಯಿಂಟು ವಾಪಸ್ ತಗೊಳೋ ಹಾಗಿಲ್ಲ."

"ಸುಮ್ನಿರ," ಎಂದು ಅಪ್ಪ ನನ್ನ ಭುಜ ಹಿಡಿದರು. ಅಂಕಲ್ ಮಾತ್ರ ನನ್ನನ್ನು ಒಮ್ಮೆ ನೋಡಿ, ಮುಗುಳ್ನಕ್ಕು, ಅಲ್ಲೇ ಮಲಗಿ ಗುರಿ ಹಿಡಿದರು.

ಗುಂಡು ಅಲ್ಲಿಗೆ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ನಾನು ಬರೆದುಕೊಂಡಿದ್ದ ಅಂಕಿಗಳಲ್ಲಿ ಅದೂ ಇತ್ತು. ಕಾಗದಕ್ಕೆ ಅರ್ಧ ಸೆಕೆಂಡಿನಿಂದ ಏನೂ ಆಗುವುದಿಲ್ಲ. ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು, ಅಷ್ಟೇ. ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಯಿತು. ಅದು ಬೆನ್ನು ಬಾಗಿಸಿ ನಿಂತು, ತನಗೇನಾಯಿತೆಂದು ಯೋಚಿಸುವಂತೆ ತಿರುಗಿ ನೋಡಿ, ಕಣಿವೆಗೆ ಇಳಿಯಿತು.

ಇಡೀ ದಿನ ಹುಡುಕಿದೆವು. ಕೆಲವು ಎಲೆಗಳ ಮೇಲೆ ರಕ್ತ, ಆಮೇಲೆ ಒಂದೆರಡು ಹನಿ, ಆಮೇಲೆ ಬರೀ ಎಲೆ. ಮೊಟ್ಟೆ ಮುಟ್ಟದ ಅಪ್ಪ ಮೊಣಕಾಲೂರಿ ರಕ್ತದ ಹನಿ ಎಣಿಸುತ್ತ ಹೋದರು. ಪೂಣಚ್ಚ ಅಂಕಲ್ ನೀರು ಕುಡಿಯಲಿಲ್ಲ. ಸಂಜೆ ಕಾರಿನ ಬಳಿ ನಾನು ಶುರು ಮಾಡಿದೆ: ಗಾಳಿಯ ತಪ್ಪಲ್ಲ, ಕ್ಯಾಲಿಬರಿನ ತಪ್ಪೂ ಅಲ್ಲ, ತ್ರೀ ನಾಟ್ ಎಯ್ಟ್ ಆಗಿದ್ದರೂ ಅಷ್ಟು ದೂರಕ್ಕೆ ಹೀಗೇ ಆಗುತ್ತಿತ್ತು. ಎಲ್ಲವೂ ಸರಿಯಾದ ಮಾತೇ.

"ಹೌದು ಕುಂಞಿ," ಎಂದರು. "ನೀನು ಹೇಳಿದ್ದೇ ಸರಿ."

ಮರುದಿನ ಅವರೊಬ್ಬರೇ ಮತ್ತೆ ಹೋದರು. ಬೇಲಿಯಾಚೆಯ ಕಣಿವೆಯ ಮೇಲೆ ರಣಹದ್ದುಗಳು ಸುತ್ತುತ್ತಿದ್ದವಂತೆ. ರೈಫಲನ್ನು ಅಂಗಡಿಗೆ ಹಿಂದಿರುಗಿಸಿದರು. ಭಾನುವಾರಗಳು ಅಲ್ಲಿಗೆ ಮುಗಿದವು. ಅಪ್ಪ ಮತ್ತು ಅವರು ಜಗಳವಾಡಲಿಲ್ಲ. ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು.

ನಾನು ಆಮೇಲೆಯೂ ಗೆದ್ದೆ, ಬಹಳ ಗೆದ್ದೆ. ಯಾವ ಪಕ್ಷ ಕೊಟ್ಟರೂ ಸಾಧಿಸಬಲ್ಲೆ. ಅದಕ್ಕೇ ಯಾವ ಪಕ್ಷವನ್ನೂ ನಂಬಲಾರೆ, ನನ್ನದನ್ನಂತೂ ಇಲ್ಲವೇ ಇಲ್ಲ.

ಹೋದ ತಿಂಗಳು ಸಾಂಟಾ ಕ್ಲಾರಾದ ಇಂಡಿಯನ್ ಗ್ರೋಸರಿಯಲ್ಲಿ ಪೂಣಚ್ಚ ಅಂಕಲ್ ಸಿಕ್ಕರು. ಕೂದಲೆಲ್ಲ ಬೆಳ್ಳಗಾಗಿದೆ. ಕಾಫಿ ಪುಡಿಯ ಮುಂದೆ ನಿಂತಿದ್ದರು. ಬೇಕೆಂದೇ ಹೇಳಿದೆ, "ಅಂಕಲ್, ಏನೇ ಅನ್ನಿ, ಕೊಡಗಿನ ಕಾಫಿಗಿಂತ ಚಿಕ್ಕಮಗಳೂರಿಂದೇ ಮೇಲು."

"ಸುಳ್ಳು" ಎನ್ನಲಿ ಎಂದು ಕಾದೆ. ಅವರು ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಂಡು, "ಇರಬಹುದಮ್ಮ," ಎಂದರು.