ಕಾರ್ಡಿನಲ್ಲಿ ಇಲ್ಲದ ತಮ್ಮಲೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಆಸ್ಪತ್ರೆಯ ಕೌಂಟರಿನ ಎದುರು ನಿಂತಿದ್ದೆ. ಜೊತೆಗೆ ಇನ್ನಂಜೆಯ ನಮ್ಮ ಮಹಿಳಾ ಸಂಘದ ಲಲಿತಾ, ಮತ್ತೆ ಅವಳ ತಮ್ಮಲೆ, ಅಂದರೆ ಅಮ್ಮನ ಅಣ್ಣ. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನ ಬೆರಳು ಕಪ್ಪಾಗಿದೆ. ಅದನ್ನು ತೆಗೆಸಲು ತಡಮಾಡಿದರೆ ಪಾದವೇ ಹೋದೀತು ಎಂದಿದ್ದಾರೆ ಡಾಕ್ಟರ್.

ಲಲಿತಾ ಸಂಘದ ಆರೋಗ್ಯ ವಿಮೆಯ ಕಾರ್ಡ್ ಕೊಟ್ಟಳು.

"ಇದರಲ್ಲಿ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಮಾತ್ರ," ಎಂದಳು ಕೌಂಟರಿನ ಹುಡುಗಿ. "ಇವರಿಗೆ ಅವರದ್ದೇ ಕುಟುಂಬ ಇಲ್ವಾ?"

"ನಾವೇ ಅಲ್ವಾ ಕುಟುಂಬ? ನಮ್ಮನ್ನು ಸಾಕಲಿಕ್ಕೆಂದೇ ಅವರು ಮದುವೆ ಆಗಲಿಲ್ಲ."

"ನಮ್ಮ ಮನೆಯಲ್ಲೂ ತಮ್ಮಲೆಯೇ ಯಜಮಾನರು ಅಕ್ಕ. ಆದರೆ ಕಂಪ್ಯೂಟರಿನಲ್ಲಿ ಹಾಗೊಂದು ಸಂಬಂಧವೇ ಇಲ್ಲ. ನಾನೆಂತ ಮಾಡುವುದು?"

ಕಾರ್ಡಿನಲ್ಲಿ ಲಲಿತಾಳ ಅಪ್ಪನ ಹೆಸರೇನೋ ಉಂಟು, ರೇಷನ್ ಕಾರ್ಡಿನಿಂದ ಹಾಗೆಯೇ ಬಂದದ್ದು. ಅವಳು ಚಿಕ್ಕವಳಿರುವಾಗ ಮುಂಬಯಿಗೆಂದು ಹೋದವರು ಅವರು, ಮರಳಿಲ್ಲ.

ನಿಯಮ ಮಾಡಿದವರಿಗೆ ಕೆಟ್ಟ ಉದ್ದೇಶವಿತ್ತೆಂದು ನನಗೆ ಅನಿಸುವುದಿಲ್ಲ. ನಾನು ಕಲಿತ ಇಂಗ್ಲಿಷ್ ಶಾಲೆಯ ಪುಸ್ತಕದಲ್ಲೂ ಫ್ಯಾಮಿಲಿ ಎಂದರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಆ ಚಿತ್ರದಲ್ಲಿ ಯಾರಿಲ್ಲ ಎಂದು ನಾನೂ ಕೇಳಿದವಳಲ್ಲ.

ತಮ್ಮಲೆ ಬ್ಯಾಂಡೇಜಿನ ಕಾಲನ್ನು ಮೆಲ್ಲ ಚಪ್ಪಲಿಗೆ ತೂರಿಸುತ್ತ ಹೇಳಿದರು: "ಹಾಗಾದರೆ ನಿನ್ನ ಅಪ್ಪನನ್ನು ಹುಡುಕು ಮಗಾ. ಅವನ ಬೆರಳನ್ನೇ ತೆಗೆಸುವ."

ಆಪರೇಷನ್ ಆಗದೆಯೇ ಕಾಪುವಿನ ಬಸ್ಸು ಹತ್ತಿದೆವು. ಲಲಿತಾ ಕಾರ್ಡನ್ನು ಜೋಪಾನವಾಗಿ ಪರ್ಸಿನೊಳಗೆ ಇಟ್ಟುಕೊಂಡಳು.

ಅವಳ ಅಪ್ಪನಿಗಂತೂ, ಎಲ್ಲಿದ್ದರೂ, ಈ ವರ್ಷ ಚಿಕಿತ್ಸೆಯ ಚಿಂತೆಯಿಲ್ಲ.